ಒಣ ಮೆಕ್ಕೆಜೋಳದಿಂದ ಟೋರ್ಟಿಯಾ: ಕಾಳಿನಿಂದ ಕಾವಲಿವರೆಗೆ ಒಂದೊಂದೇ ಹೆಜ್ಜೆ

ಮನೆಯಲ್ಲಿ ಮೆಕ್ಸಿಕನ್ ಅಡುಗೆ ಮಾಡಲು ಹೊರಟವರೆಲ್ಲ ಬಂದು ಹೇಳುವ ತೊಂದರೆ ಒಂದೇ. ಅಲ್ಲಿನ ಮೆಕ್ಕೆಜೋಳದ ತೆಳು ರೊಟ್ಟಿಯಾದ ಟೋರ್ಟಿಯಾ ಒಡೆಯುತ್ತದೆ. ತಟ್ಟುವಾಗ ಅಂಚು ಸೀಳುತ್ತದೆ, ಕಾವಲಿಗೆ ಹಾಕುವಾಗ ಅರ್ಧಕ್ಕೆ ಮುರಿಯುತ್ತದೆ. ಹೇಗೋ ಬೆಂದರೂ ಮಡಚಿದ ಕೂಡಲೇ ಎರಡು ತುಂಡು. ಆಮೇಲೆ ಮೈದಾ ಬೆರೆಸುತ್ತಾರೆ, ಎಣ್ಣೆ ಸುರಿಯುತ್ತಾರೆ, ಬಿಸಿನೀರು ಜಾಸ್ತಿ ಮಾಡುತ್ತಾರೆ. ಯಾವುದೂ ಕೆಲಸ ಮಾಡುವುದಿಲ್ಲ.

ಕಾರಣ ಕೈಯಲ್ಲಿಲ್ಲ, ಹಿಟ್ಟಿನಲ್ಲಿದೆ. ಮೆಕ್ಸಿಕೋದಲ್ಲಿ ಟೋರ್ಟಿಯಾಕ್ಕೆ ಮೆಕ್ಕೆಜೋಳವನ್ನು ಒಣಗಿದಂತೆಯೇ ಬೀಸುವುದಿಲ್ಲ. ಮೊದಲು ಸುಣ್ಣದ ನೀರಿನಲ್ಲಿ ಬೇಯಿಸಿ, ರಾತ್ರಿಯಿಡೀ ನೆನೆಸಿ, ತೊಳೆದು, ಹಸಿಯಾಗಿಯೇ ರುಬ್ಬುತ್ತಾರೆ. ಸುಣ್ಣದಲ್ಲಿ ಬೆಂದ ಕಾಳಿಗೆ ನಿಕ್ಸ್ತಮಾಲ್ ಎಂದು ಹೆಸರು. ಅದನ್ನು ರುಬ್ಬಿದ ಹಿಟ್ಟಿಗೆ ಮಾಸಾ. ಈ ಕೆಲಸ ಬಿಟ್ಟು ಮುಂದೆ ಹೋದರೆ ಉಳಿದದ್ದೆಲ್ಲ ಸರಿಯಿದ್ದರೂ ಟೋರ್ಟಿಯಾ ಬರುವುದಿಲ್ಲ.

## ಮೊದಲು ಹಿಟ್ಟಿನ ಗೊಂದಲ ಬಿಡಿಸಿಕೊಳ್ಳಿ

ಅಂಗಡಿಯಲ್ಲಿ ಮೆಕ್ಕೆಜೋಳದ ಹೆಸರಲ್ಲಿ ಮೂರು ಬಗೆಯ ಹಿಟ್ಟು ಸಿಗುತ್ತವೆ. ಸೂಪಿಗೆ, ಗೋಬಿ ಮಂಚೂರಿಗೆ ಹಾಕುವ ಬಿಳಿ ಕಾರ್ನ್‌ಫ್ಲೋರ್ ಬರೀ ಪಿಷ್ಟ. ಅದು ಇದಕ್ಕೆ ಬೇಡವೇ ಬೇಡ. ಮಕ್ಕಿ ರೋಟಿಗೆ ಬಳಸುವ ಹಳದಿ ಹಿಟ್ಟು ಒಣ ಕಾಳನ್ನು ಹಾಗೇ ಬೀಸಿದ್ದು. ಬಿಸಿನೀರಿನಲ್ಲಿ ಕಲಸಿದರೆ ನಮ್ಮ ಜೋಳದ ರೊಟ್ಟಿಯ ಹಾಗೆ ಸ್ವಲ್ಪ ಜಿಗಿ ಬರುತ್ತದೆ ನಿಜ. ಆದರೆ ಪಲ್ಯ ತುಂಬಿ ಮಡಚುವಷ್ಟು ಬಾಗುವುದಿಲ್ಲ.

ಮೂರನೆಯದು ಮಾಸಾ ಹರೀನಾ. ಇದು ಸುಣ್ಣದಲ್ಲಿ ಬೇಯಿಸಿದ ಕಾಳನ್ನು ರುಬ್ಬಿ ಒಣಗಿಸಿದ ಹಿಟ್ಟು. ಮಸೇಕಾದಂಥ ಬ್ರ್ಯಾಂಡಿನ ಪೊಟ್ಟಣ ಸಿಕ್ಕರೆ 5ನೇ ಹಂತದವರೆಗಿನ ಕೆಲಸವೆಲ್ಲ ಉಳಿಯುತ್ತದೆ. ಎರಡು ಲೋಟ ಹಿಟ್ಟಿಗೆ ಸುಮಾರು ಒಂದೂವರೆ ಲೋಟ ಬೆಚ್ಚಗಿನ ನೀರು ಹಾಕಿ ಕಲಸಿ, ಒದ್ದೆ ಬಟ್ಟೆ ಮುಚ್ಚಿ 20 ನಿಮಿಷ ಬಿಟ್ಟು, ನೇರವಾಗಿ 6ನೇ ಹಂತಕ್ಕೆ ಬನ್ನಿ. ವಿದೇಶದಲ್ಲಿರುವ ಕನ್ನಡಿಗರಿಗೆ ಇದು ಸುಲಭವಾಗಿ ಸಿಗುತ್ತದೆ. ರುಚಿಯಲ್ಲಿ ಮಾತ್ರ ಹಸಿ ಮಾಸಾಕ್ಕೆ ಸಾಟಿಯಿಲ್ಲ.

## ಬೇಕಾದ ಸಾಮಾನು

- ಒಣ ಮೆಕ್ಕೆಜೋಳ 500 ಗ್ರಾಂ
- ತಿನ್ನುವ ಸುಣ್ಣ: ಪುಡಿಯಾದರೆ 5 ಗ್ರಾಂ, ಹಸಿ ಸುಣ್ಣವಾದರೆ 10 ಗ್ರಾಂ
- ನೀರು ಒಂದೂವರೆ ಲೀಟರ್
- ದೊಡ್ಡ ಸ್ಟೀಲ್ ಪಾತ್ರೆ
- ವೆಟ್ ಗ್ರೈಂಡರ್, ಇಲ್ಲವೇ ರುಬ್ಬುವ ಕಲ್ಲು
- ಪೂರಿ ಪ್ರೆಸ್, ಅಥವಾ ತಳ ಸಮವಾಗಿರುವ ಭಾರದ ಪಾತ್ರೆ
- ದಪ್ಪ ಪ್ಲಾಸ್ಟಿಕ್ ಹಾಳೆ ಎರಡು
- ದಪ್ಪ ಕಬ್ಬಿಣದ ಕಾವಲಿ, ಒಂದು ಹತ್ತಿ ಬಟ್ಟೆ

ಇಷ್ಟಕ್ಕೆ ಒಂದು ಕಿಲೋ ಹತ್ತಿರ ಮಾಸಾ ಬರುತ್ತದೆ. 25ರಿಂದ 28 ಟೋರ್ಟಿಯಾ ಆಗುತ್ತವೆ. ಉಪ್ಪು ಪಟ್ಟಿಯಲ್ಲಿ ಬಿಟ್ಟುಹೋಗಿಲ್ಲ. ಮಾಸಾಕ್ಕೆ ಉಪ್ಪು ಹಾಕುವುದಿಲ್ಲ, ಎಣ್ಣೆಯೂ ಇಲ್ಲ. ಉಪ್ಪು, ಹುಳಿ, ಖಾರ ಎಲ್ಲ ಮೇಲೆ ಹಾಕುವ ಸಾಲ್ಸಾ ಎಂಬ ಚಟ್ನಿಯಿಂದ ಬರಬೇಕು.

ಸಮಯದ ಲೆಕ್ಕವನ್ನೂ ಮೊದಲೇ ಹಾಕಿಕೊಳ್ಳಿ. ರಾತ್ರಿ ಊಟದ ಹೊತ್ತಿಗೆ ಕಾಳು ಬೇಯಿಸಿಟ್ಟರೆ ಬೆಳಿಗ್ಗೆ ರುಬ್ಬಬಹುದು. ಇವತ್ತೇ ಶುರು ಮಾಡಿ ಇವತ್ತೇ ತಿನ್ನುವ ಅಡುಗೆ ಇದಲ್ಲ.

## 1. ಕಾಳು ಆರಿಸುವುದು

ಬೇಕಾಗಿರುವುದು ಗಿಡದಲ್ಲೇ ಪೂರ್ತಿ ಬಲಿತು ಒಣಗಿದ ಕಾಳು. ಸ್ವೀಟ್‌ಕಾರ್ನ್ ಒಣಗಿಸಿದರೆ ಆಗುವುದಿಲ್ಲ, ಅದರಲ್ಲಿ ಪಿಷ್ಟ ಸಾಲದು. ಪಾಪ್‌ಕಾರ್ನ್ ಕಾಳು ತೀರಾ ಗಟ್ಟಿ. ಮೆಕ್ಸಿಕೋದಲ್ಲಿ ಬಿಳಿ, ಹಳದಿ, ನೀಲಿ, ಕೆಂಪು ಕಾಳು ಬಳಸುತ್ತಾರೆ. ಬಿಳಿ ಕಾಳಿನ ಬಳಕೆ ಜಾಸ್ತಿ. ನಮ್ಮ ದಾವಣಗೆರೆ, ಹಾವೇರಿ ಕಡೆಯ ಹೊಲಗಳಲ್ಲಿ ಬೆಳೆಯುವ ಕಿತ್ತಳೆ ಬಣ್ಣದ ಮೆಕ್ಕೆಜೋಳದಲ್ಲೂ ಆಗುತ್ತದೆ. ಅದರ ಕಾಳು ಗಟ್ಟಿ, ಹಾಗಾಗಿ ಬೇಯಲು ಹೊತ್ತು ಹಿಡಿಯುತ್ತದೆ, ಅಷ್ಟೇ.

ಎರಡು ವಿಷಯದಲ್ಲಿ ರಾಜಿ ಬೇಡ. ಬಿತ್ತನೆ ಬೀಜ ಯಾವ ಕಾರಣಕ್ಕೂ ತರಬೇಡಿ. ಅದಕ್ಕೆ ವಿಷದ ಔಷಧಿ ಲೇಪಿಸಿರುತ್ತಾರೆ. ಗುಲಾಬಿ, ನೀಲಿ, ಹಸಿರು ಪುಡಿ ಅಂಟಿದ ಕಾಳು ಕಂಡರೆ ಅದು ಅದೇ. ಇನ್ನೊಂದು ಬೂಷ್ಟು. ಕೋಳಿ ಮೇವಿಗೆಂದು ಇಟ್ಟ ಮೂಟೆಯ ಕಾಳು ಕೆಲವೊಮ್ಮೆ ತೇವ ಹಿಡಿದಿರುತ್ತದೆ. ಕಪ್ಪಗಾದ, ಬೂದು ಹಿಡಿದ, ಮುಗ್ಗಲು ವಾಸನೆಯ ಕಾಳಿನಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಇರಬಹುದು. ಸುಣ್ಣ ಅದನ್ನು ಪೂರ್ತಿ ತೆಗೆಯುತ್ತದೆ ಎಂದು ನಂಬಿ ಕೂರಬೇಡಿ. ಒಂದೆರಡು ಕೆಟ್ಟ ಕಾಳಿದ್ದರೆ ಆರಿಸಿ ಎಸೆಯಬಹುದು. ಮೂಟೆಗೆ ಮೂಟೆಯೇ ವಾಸನೆ ಬರುತ್ತಿದ್ದರೆ ಕೊಳ್ಳಬೇಡಿ.

## 2. ಸುಣ್ಣ

ಎಲೆ ಅಡಿಕೆಗೆ ಹಚ್ಚುವ ಬಿಳಿ ಸುಣ್ಣವೇ ಇಲ್ಲಿಗೂ ಸಾಕು. ಅದು ನೀರು ಹಾಕಿ ಅರಳಿಸಿದ ಸುಣ್ಣ, ಕ್ಯಾಲ್ಸಿಯಂ ಹೈಡ್ರಾಕ್ಸೈಡ್. ಬಣ್ಣ, ಸುಗಂಧ ಸೇರಿಸಿದ ಡಬ್ಬಿ ಬೇಡ. ಗೋಡೆಗೆ ಬಳಿಯುವ ಸುಣ್ಣದಲ್ಲಿ ಏನು ಬೆರೆತಿದೆಯೋ ಗೊತ್ತಾಗುವುದಿಲ್ಲ, ಅದೂ ಬೇಡ. ಅರಳದ ಸುಣ್ಣದ ಕಲ್ಲನ್ನು ಪಾತ್ರೆಗೆ ಹಾಕಲೇಬೇಡಿ. ನೀರು ತಾಗಿದ ಕೂಡಲೇ ಅದು ಕುದಿದು ಸಿಡಿಯುತ್ತದೆ.

ಅಳತೆ ಕಾಳಿನ ತೂಕದ ನೂರಕ್ಕೆ ಒಂದು ಪಾಲು. ಹಸಿ ಸುಣ್ಣದಲ್ಲಿ ನೀರಿರುವುದರಿಂದ ಅದರ ಎರಡರಷ್ಟು. ಅಡುಗೆ ತಕ್ಕಡಿ ಇದ್ದರೆ ತೂಗಿಯೇ ಹಾಕಿ. ಸುಣ್ಣ ಕಮ್ಮಿಯಾದರೆ ಸಿಪ್ಪೆ ಬಿಡುವುದಿಲ್ಲ. ಹೆಚ್ಚಾದರೆ ಮಾಸಾಕ್ಕೆ ಸೋಪಿನಂಥ ಒಗರು ರುಚಿ ಬರುತ್ತದೆ, ಅದನ್ನು ಆಮೇಲೆ ಸರಿಪಡಿಸಲು ಆಗುವುದಿಲ್ಲ.

ಪುಡಿ ಕಣ್ಣಿಗೆ ಬಿದ್ದರೆ ಅಪಾಯ. ಕೂಡಲೇ ತುಂಬಾ ನೀರಿನಿಂದ ಹತ್ತಾರು ನಿಮಿಷ ತೊಳೆದು ವೈದ್ಯರ ಬಳಿ ಹೋಗಿ. ಅಳೆಯುವಾಗ ಮಕ್ಕಳನ್ನು ಹತ್ತಿರ ಬಿಟ್ಟುಕೊಳ್ಳಬೇಡಿ.

## 3. ಬೇಯಿಸುವುದು

ಕಾಳನ್ನು ತೊಳೆದು, ತೇಲುವ ಹೊಟ್ಟನ್ನು ಚೆಲ್ಲಿ. ಸ್ಟೀಲ್ ಪಾತ್ರೆಯಲ್ಲಿ ಒಂದೂವರೆ ಲೀಟರ್ ನೀರಿಗೆ ಸುಣ್ಣ ಕದಡಿ, ಆಮೇಲೆ ಕಾಳು ಹಾಕಿ. ಅಲ್ಯೂಮಿನಿಯಂ ಪಾತ್ರೆ ಬೇಡ. ಸುಣ್ಣ ಅದನ್ನು ತಿನ್ನುತ್ತದೆ. ನಾನು ಮೊದಲ ಸಲ ಅಲ್ಯೂಮಿನಿಯಂ ಡಬರಿಯಲ್ಲಿ ಇಟ್ಟು, ಒಳಗೆಲ್ಲ ಕಪ್ಪಾಗಿ, ಕಾಳನ್ನೂ ನೀರನ್ನೂ ಚೆಲ್ಲಬೇಕಾಯಿತು. ಕುಕ್ಕರ್ ಸ್ಟೀಲಿನದೇ ಆದರೂ ಬೇಡ, ಒಳಗಿನ ಹದ ನೋಡಲು ಆಗುವುದಿಲ್ಲ.

ಮಧ್ಯಮ ಉರಿಯಲ್ಲಿ ನಿಧಾನವಾಗಿ ಬಿಸಿ ಮಾಡಿ. ಸ್ವಲ್ಪ ಹೊತ್ತಿಗೆಲ್ಲ ಕಾಳಿನ ಬಣ್ಣ ಗಾಢವಾಗುತ್ತದೆ. ಬಿಳಿಯದು ಹಳದಿಗೆ ತಿರುಗುತ್ತದೆ, ನಮ್ಮ ಕಿತ್ತಳೆ ಕಾಳು ಅರಿಸಿನ ಮೆತ್ತಿದ ಹಾಗಾಗುತ್ತದೆ. ಹೊಸದಾಗಿ ಸುಣ್ಣ ಬಳಿದ ಗೋಡೆಯ ಮೇಲೆ ಮಳೆ ಹನಿ ಬಿದ್ದಾಗ ಬರುತ್ತದಲ್ಲ, ಅಂಥ ವಾಸನೆ ಏಳುತ್ತದೆ. ಈ ಎರಡು ಕಾಣಿಸಿದರೆ ಸುಣ್ಣ ಕೆಲಸ ಶುರು ಮಾಡಿದೆ ಎಂದರ್ಥ. ಬಣ್ಣ ಬದಲಾಗದಿದ್ದರೆ ನಿಮ್ಮ ಸುಣ್ಣ ಹಳತಾಗಿ ಶಕ್ತಿ ಕಳೆದುಕೊಂಡಿದೆ. ಬೇರೆ ತಂದು ಹಾಕಿ.

ಗುಳ್ಳೆ ಏಳತೊಡಗಿದಾಗ ಉರಿ ಸಣ್ಣ ಮಾಡಿ. ಕೊತಕೊತ ಕುದಿಯಬಾರದು. 20 ನಿಮಿಷದ ನಂತರ ಒಂದು ಕಾಳು ತೆಗೆದು ತಣ್ಣೀರಲ್ಲಿ ಅದ್ದಿ, ಹೆಬ್ಬೆರಳು ತೋರುಬೆರಳ ನಡುವೆ ಉಜ್ಜಿ ನೋಡಿ. ಸಿಪ್ಪೆ ಜಾರಿ ಕೈಗೆ ಬರಬೇಕು. ಆಮೇಲೆ ಕಚ್ಚಿ ನೋಡಿ. ಹೊರಗೆ ಮೆತ್ತಗೆ, ನಡುವೆ ಸಣ್ಣ ಬಿಳಿ ಚುಕ್ಕೆಯಷ್ಟು ಗಟ್ಟಿ ಉಳಿದಿರಬೇಕು. ಅದೇ ಹದ. ಗಟ್ಟಿ ಕಾಳಿಗೆ 45 ನಿಮಿಷ, ಕೆಲವೊಮ್ಮೆ ಒಂದು ಗಂಟೆಯೂ ಬೇಕಾಗುತ್ತದೆ. ಹತ್ತು ನಿಮಿಷಕ್ಕೊಮ್ಮೆ ಕಾಳು ಕಚ್ಚಿ ನೋಡುತ್ತಿರಿ.

ಅನ್ನದ ಹಾಗೆ ಪೂರ್ತಿ ಬೇಯಿಸುವುದು ಇಲ್ಲಿ ನಡೆಯುವ ದೊಡ್ಡ ತಪ್ಪು. ಪೂರ್ತಿ ಬೆಂದ ಕಾಳು ರುಬ್ಬಿದರೆ ಗೋಂದಾಗುತ್ತದೆ.

## 4. ನೆನೆಸುವುದು, ತೊಳೆಯುವುದು

ಒಲೆ ಆರಿಸಿ, ಮುಚ್ಚಿ, ಅದೇ ನೀರಿನಲ್ಲಿ 8ರಿಂದ 12 ಗಂಟೆ ಬಿಡಿ. ಈ ಹೊತ್ತಿನಲ್ಲಿ ಸುಣ್ಣ ಮತ್ತು ನೀರು ಕಾಳಿನ ಒಳಕ್ಕೆ ಇಳಿಯುತ್ತವೆ. ಸಿಪ್ಪೆಯನ್ನು ಹಿಡಿದಿಟ್ಟ ನಾರು ಸಡಿಲವಾಗುತ್ತದೆ. ಮಾಸಾಕ್ಕೆ ಜಿಗಿ ಬರುವುದು ಇದರಿಂದಲೇ. ಕಾಳಿನಲ್ಲಿ ಸಿಕ್ಕಿಹಾಕಿಕೊಂಡ ನಯಾಸಿನ್ ಎಂಬ ಜೀವಸತ್ವವೂ ಮೈಗೆ ಸಿಗುವ ಹಾಗಾಗುತ್ತದೆ. ಸುಣ್ಣವಿಲ್ಲದೆ ಮೆಕ್ಕೆಜೋಳವನ್ನೇ ನಂಬಿ ಬದುಕಿದ ಕಡೆಗಳಲ್ಲಿ ಪೆಲಾಗ್ರಾ ರೋಗ ಬಂದದ್ದು ಇದೇ ಕೊರತೆಯಿಂದ.

ಬೆಳಿಗ್ಗೆ ನೀರು ಹಳದಿಯಾಗಿ, ಲೋಳೆಯಾಗಿರುತ್ತದೆ. ಇದಕ್ಕೆ ಅಲ್ಲಿ ನೆಹಯೋತೆ ಎನ್ನುತ್ತಾರೆ. ಕ್ಷಾರ ಜಾಸ್ತಿ ಇರುವುದರಿಂದ ಗಿಡಗಳಿಗೆ ಹಾಕಬೇಡಿ. ನೀರು ಬೆರೆಸಿ ಮೋರಿಗೆ ಬಿಡಿ.

ಈಗ ಎರಡು ಮೂರು ನೀರಿನಲ್ಲಿ ತೊಳೆಯಿರಿ. ಕೈಯಲ್ಲಿ ಉಜ್ಜಿದರೆ ಸಿಪ್ಪೆ ತೇಲಿ ಹೋಗುತ್ತದೆ. ಆದರೆ ಒಂದೂ ಬಿಡದಂತೆ ತೆಗೆಯಲು ಹೋಗಬೇಡಿ. ಉಳಿದ ಸ್ವಲ್ಪ ಸಿಪ್ಪೆಯ ಅಂಟೇ ಹಿಟ್ಟನ್ನು ಹಿಡಿದಿಡುತ್ತದೆ. ಉದ್ದಿನಬೇಳೆಯ ಸಿಪ್ಪೆ ತೊಳೆದು ಅಭ್ಯಾಸವಾದ ಕೈಗೆ ನಿಲ್ಲಿಸುವುದು ಕಷ್ಟ. ಕಾಳು ಫಳಫಳ ಬಿಳಿಯಾಗುವ ತನಕ ತೊಳೆದರೆ ಟೋರ್ಟಿಯಾ ಪುಡಿಯಾಗುತ್ತದೆ. ಹಾಗೆ ಪೂರ್ತಿ ಸಿಪ್ಪೆ ತೆಗೆಯುವುದು ಪೊಸೋಲೆ ಎಂಬ ಸಾರಿಗೆ.

## 5. ರುಬ್ಬುವುದು

ಹೆಚ್ಚಿನವರು ಸೋಲುವುದು ಇಲ್ಲೇ. ಸ್ವಲ್ಪ ತಾಳ್ಮೆಯಿಂದ ಓದಿ.

ಮೆಕ್ಸಿಕೋದಲ್ಲಿ ಇದಕ್ಕೆ ಮೆತಾತೆ ಇದೆ. ಮೂರು ಕಾಲಿನ, ಒಂದು ಕಡೆಗೆ ಇಳಿಜಾರಾದ ಕಲ್ಲು. ಮುಂದೆ ಮಂಡಿಯೂರಿ ಕೂತು ಉದ್ದನೆಯ ಗುಂಡುಕಲ್ಲಿನಿಂದ ಹಿಂದೆ ಮುಂದೆ ಅರೆಯುತ್ತಾರೆ. ನಮ್ಮ ಮನೆಗಳ ಅರೆಯುವ ಕಲ್ಲಿನ ಕೆಲಸವೂ ಅದೇ ತರಹ. ಊರಿನ ಮನೆಯಲ್ಲಿ ಅದು ಮೂಲೆಯಲ್ಲಿ ಬಿದ್ದಿದ್ದರೆ ತೊಳೆದು ಬಳಸಿ, ಅದಕ್ಕಿಂತ ಒಳ್ಳೆಯ ಮಾಸಾ ಯಾವುದರಲ್ಲೂ ಬರುವುದಿಲ್ಲ. ಇವತ್ತು ಅಲ್ಲಿ ಮನೆಯಲ್ಲೇ ಟೋರ್ಟಿಯಾ ಮಾಡುವವರಲ್ಲಿ ಹಲವರು ಮೊಲಿನೋ ಎಂಬ ಗಿರಣಿಯಲ್ಲಿ ಹಸಿ ಕಾಳನ್ನೇ ಬೀಸಿಸಿಕೊಂಡು ಬರುತ್ತಾರೆ. ನಮ್ಮ ಹಿಟ್ಟಿನ ಗಿರಣಿ ಒಣ ಕಾಳಿನದು. ಹಸಿ ಕಾಳು ಒಯ್ಯಬೇಡಿ, ಕಲ್ಲಿಗೆ ಮೆತ್ತಿಕೊಳ್ಳುತ್ತದೆ.

ನಮ್ಮ ಟೇಬಲ್‌ಟಾಪ್ ವೆಟ್ ಗ್ರೈಂಡರ್ ಈ ಕೆಲಸಕ್ಕೆ ಒಗ್ಗುತ್ತದೆ. ಅಮೆರಿಕದಲ್ಲಿ ಮನೆಯಲ್ಲೇ ಮಾಸಾ ಮಾಡುವವರಲ್ಲಿ ಇದನ್ನು ಕೊಂಡು ಬಳಸುವವರಿದ್ದಾರೆ. ತೊಂದರೆ ನೀರಿನದು. ನೀರು ಕಮ್ಮಿಯಾದರೆ ಕಲ್ಲು ನಿಲ್ಲುತ್ತದೆ, ಹೆಚ್ಚಾದರೆ ಇಡ್ಲಿ ಹಿಟ್ಟಾಗುತ್ತದೆ. ಹೀಗೆ ಮಾಡಿ:

- ತೊಳೆದ ಕಾಳಿನ ನೀರು ಚೆನ್ನಾಗಿ ಸೋರಲಿ. 10 ನಿಮಿಷ ಜರಡಿಯಲ್ಲಿಡಿ.
- ಮಿಕ್ಸಿಯ ಸಣ್ಣ ಜಾರಿನಲ್ಲಿ ಒಂದೊಂದು ಹಿಡಿ ಹಾಕಿ, ನೀರಿಲ್ಲದೆ ನಾಲ್ಕೈದು ಸಲ ತಿರುಗಿಸಿ ನಿಲ್ಲಿಸಿ ತರಿ ಮಾಡಿಕೊಳ್ಳಿ.
- ಗ್ರೈಂಡರಿಗೆ ಅರ್ಧ ಲೋಟ ನೀರು ಹಾಕಿ ಓಡಿಸಿ. ತರಿಯನ್ನು ಹಿಡಿ ಹಿಡಿಯಾಗಿ ಸೇರಿಸುತ್ತಾ ಹೋಗಿ.
- ಅಂಚಿಗೆ ಹತ್ತಿದ್ದನ್ನು ಮರದ ಸೌಟಿನಿಂದ ಒಳಗೆ ತಳ್ಳುತ್ತಿರಿ. ಕಲ್ಲು ತಡವರಿಸಿದರೆ ಮಾತ್ರ ಒಂದು ಚಮಚ ನೀರು.

ಬೆರಳಲ್ಲಿ ಉಜ್ಜಿದಾಗ ಚಿರೋಟಿ ರವೆಗಿಂತ ನುಣ್ಣಗಿರಬೇಕು. ಗಟ್ಟಿ ಹರಳು ಸಿಕ್ಕರೆ ಇನ್ನೂ ರುಬ್ಬಿ. ಟೋರ್ಟಿಯಾ ಉಬ್ಬಬೇಕಾದ ಜಾಗದಲ್ಲಿ ಆ ಹರಳು ತೂತು ಮಾಡಿ ಹಬೆ ಬಿಡುತ್ತದೆ. ಬರೀ ಮಿಕ್ಸಿಯಲ್ಲೇ ಮುಗಿಸುತ್ತೇನೆ ಎನ್ನುವವರು ಜಾರನ್ನು ಮುಟ್ಟಿ ನೋಡುತ್ತಿರಿ. ಬಿಸಿಯಾದರೆ ನಿಲ್ಲಿಸಿ, ಆರಲು ಬಿಡಿ. ಬಿಸಿಯಲ್ಲಿ ರುಬ್ಬಿದ ಮಾಸಾ ಅಂಟಂಟಾಗುತ್ತದೆ.

ಎಷ್ಟೇ ಜಾಗ್ರತೆ ಮಾಡಿದರೂ ಗ್ರೈಂಡರಿನ ಮಾಸಾ ಸ್ವಲ್ಪ ತೆಳುವೇ. ಹೆದರಬೇಡಿ. ಮಾಸಾ ಹರೀನಾ ಇದ್ದರೆ ಒಂದೆರಡು ಹಿಡಿ ಬೆರೆಸಿ. ಇಲ್ಲದಿದ್ದರೆ ಒಣ ಹತ್ತಿ ಬಟ್ಟೆಯ ಮೇಲೆ ಹರಡಿ, ಇನ್ನೊಂದು ಬಟ್ಟೆ ಮುಚ್ಚಿ ಒತ್ತಿ. ಬಟ್ಟೆ ನೀರು ಹೀರುತ್ತದೆ. ಗೋಧಿ ಹಿಟ್ಟು, ಅಕ್ಕಿ ಹಿಟ್ಟು ಬೆರೆಸಬೇಡಿ. ರುಚಿ ಕೆಡುತ್ತದೆ, ಹದವೂ ಸಿಗುವುದಿಲ್ಲ.

## 6. ನಾದಿ, ತೇವ ನೋಡುವುದು

ಐದು ನಿಮಿಷ ನಾದಿ. ಕೈಗೆ ಅಂಟಬಾರದು, ಒಣಗಿ ಉದುರಲೂಬಾರದು. ಮುಟ್ಟಿದರೆ ಕಿವಿಯ ಹಾಲೆಯಷ್ಟು ಮೃದು. ಒದ್ದೆ ಬಟ್ಟೆ ಮುಚ್ಚಿ 15 ನಿಮಿಷ ಬಿಡಿ.

ಈಗ ದೊಡ್ಡ ನಿಂಬೆಹಣ್ಣಿನಷ್ಟು ಉಂಡೆ ಮಾಡಿ ಅಂಗೈಯಲ್ಲಿ ಒತ್ತಿ ನೋಡಿ. ಅಂಚು ಒಣಗಿದ ಕೆರೆಯ ಮಣ್ಣಿನ ಹಾಗೆ ಬಿರುಕು ಬಿಟ್ಟರೆ ನೀರು ಸಾಲದು. ಕೈ ಒದ್ದೆ ಮಾಡಿಕೊಂಡು ಮತ್ತೆ ನಾದಿ, ನೀರು ಸುರಿಯಬೇಡಿ. ಉಂಡೆ ಅಂಗೈಗೆ ಮೆತ್ತಿಕೊಂಡು ಎಳೆದರೆ ನೀರು ಜಾಸ್ತಿ. ಅಂಚು ನುಣುಪಾಗಿ, ಗೀರಿಲ್ಲದೆ ಅಗಲವಾದರೆ ಸರಿಯಾಗಿದೆ. ಕೆಲಸ ನಡೆಯುವಾಗಲೂ ಮಾಸಾ ಒಣಗುತ್ತಲೇ ಇರುತ್ತದೆ. ಹತ್ತು ಟೋರ್ಟಿಯಾ ಆದ ಮೇಲೆ ಮತ್ತೊಮ್ಮೆ ಒತ್ತಿ ನೋಡಿ. ಮೊದಲನೆಯವು ಚೆನ್ನಾಗಿ ಬಂದು ಕೊನೆಯವು ಒಡೆದರೆ ಕಾರಣ ಇದೇ.

## 7. ಒತ್ತುವುದು

ಹಾಲಿನ ಕವರ್ ಕತ್ತರಿಸಿ ತೊಳೆದು ಒರೆಸಿದರೆ ಒಳ್ಳೆಯ ಹಾಳೆ. ಹೋಳಿಗೆ ತಟ್ಟುವವರಿಗೆ ಇದನ್ನು ಹೇಳಬೇಕಾಗಿಲ್ಲ ಅಲ್ವಾ? ಎಣ್ಣೆ ಮಾತ್ರ ಹಚ್ಚಬೇಡಿ. 35 ಗ್ರಾಂ ಉಂಡೆಯನ್ನು ಎರಡು ಹಾಳೆಗಳ ನಡುವೆ ಇಟ್ಟು ಪೂರಿ ಪ್ರೆಸ್‌ನಲ್ಲಿ ಒಮ್ಮೆ ಒತ್ತಿ, ಅರ್ಧ ಸುತ್ತು ತಿರುಗಿಸಿ ಇನ್ನೊಮ್ಮೆ ಮೆಲ್ಲಗೆ ಒತ್ತಿ. ಅಗಲ ಸುಮಾರು 14 ಸೆಂಟಿಮೀಟರ್, ದಪ್ಪ 2 ಮಿಲಿಮೀಟರ್. ತೀರಾ ತೆಳು ಮಾಡಿದರೆ ಉಬ್ಬುವುದಿಲ್ಲ. ಲಟ್ಟಣಿಗೆಯಿಂದ ಲಟ್ಟಿಸಿದರೆ ಅಂಚು ಹರಿಯುತ್ತದೆ.

ಬಿಡಿಸುವಾಗ ಹಾಳೆಯಿಂದ ಟೋರ್ಟಿಯಾವನ್ನು ಎಳೆಯಬೇಡಿ, ಟೋರ್ಟಿಯಾದಿಂದ ಹಾಳೆಯನ್ನು ಎಳೆಯಿರಿ. ಮೇಲಿನ ಹಾಳೆ ತೆಗೆದು, ಬಲಗೈ ಬೆರಳುಗಳ ಮೇಲೆ ಕವುಚಿ ಹಾಕಿಕೊಂಡು, ಇನ್ನೊಂದು ಹಾಳೆಯನ್ನು ನಿಧಾನವಾಗಿ ಸುಲಿಯಿರಿ. ಅರ್ಧ ಭಾಗ ಕೈಯಿಂದ ಆಚೆ ಜೋತಾಡುತ್ತಿರಲಿ. ಆ ಅರ್ಧ ಮೊದಲು ಕಾವಲಿಗೆ ತಾಗಬೇಕು. ಆಮೇಲೆ ಕೈಯನ್ನು ನಿಮ್ಮ ಕಡೆಗೆ ಎಳೆದುಕೊಂಡರೆ ಉಳಿದದ್ದು ತಾನೇ ಮಲಗುತ್ತದೆ. ಮೇಲಿನಿಂದ ಎತ್ತಿ ಹಾಕಿದರೆ ಸುಕ್ಕು ಬೀಳುತ್ತದೆ.

## 8. ಕಾವಲಿಯ ಮೇಲೆ

ಕಾವಲಿ ಚೆನ್ನಾಗಿ ಕಾದಿರಬೇಕು. ನೀರು ಚಿಮುಕಿಸಿದರೆ ಹನಿ ಕುಣಿದು ಮಾಯವಾಗಬೇಕು. ಅಲ್ಲಿನ ಕಾವಲಿಗೆ ಕೊಮಾಲ್ ಎನ್ನುತ್ತಾರೆ. ಮಣ್ಣಿನ ಕೊಮಾಲ್‌ಗೆ ಹಿಟ್ಟು ಅಂಟದಿರಲಿ ಎಂದು ಸುಣ್ಣದ ನೀರು ಬಳಿಯುತ್ತಾರೆ. ನಮ್ಮ ಪಳಗಿದ ಕಬ್ಬಿಣದ ಕಾವಲಿಗೆ ಏನೂ ಬೇಡ. ಹಿಂದಿನ ದೋಸೆಯ ಎಣ್ಣೆ ಮಾತ್ರ ಒರೆಸಿ ತೆಗೆಯಿರಿ.

ಮೂರು ಸರದಿ, ಎರಡು ತಿರುವು:

- ಮೊದಲ ಬದಿ 15ರಿಂದ 20 ಸೆಕೆಂಡು. ಅಂಚು ಕಾವಲಿಯಿಂದ ಬಿಟ್ಟ ಕೂಡಲೇ ತಿರುವಿ.
- ಎರಡನೇ ಬದಿ 45 ಸೆಕೆಂಡಿನಿಂದ ಒಂದು ನಿಮಿಷ. ಕೆಳಗೆ ಕಂದು ಚುಕ್ಕೆ ಮೂಡಬೇಕು.
- ಮತ್ತೆ ಮೊದಲ ಬದಿ. ಈಗ ಉಬ್ಬಬೇಕು. ಉಬ್ಬಲು ತಡ ಮಾಡಿದರೆ ನಡುವೆ ಬೆರಳ ತುದಿಯಿಂದ ಮೆಲ್ಲಗೆ ಒತ್ತಿ.

ಮೊದಲ ಬದಿಯನ್ನು ಜಾಸ್ತಿ ಹೊತ್ತು ಬಿಟ್ಟರೆ ಆಟ ಮುಗಿಯಿತು. ಮೇಲ್ಮೈ ಒಣಗಿ ಬಿರುಕು ಬಿಟ್ಟು, ಒಳಗಿನ ಹಬೆ ಹೊರಗೆ ಹೋಗುತ್ತದೆ. ಚಪಾತಿ ಅಭ್ಯಾಸದವರು ಇಲ್ಲಿ ಎಡವುತ್ತಾರೆ. ಟೋರ್ಟಿಯಾ ಉಬ್ಬಿದರೆ ಇನ್ನು ಮದುವೆಯಾಗಬಹುದು ಎಂದು ಮೆಕ್ಸಿಕೋದಲ್ಲಿ ಹೇಳುತ್ತಾರೆ. ಎಲ್ಲವೂ ಉಬ್ಬದಿದ್ದರೂ ಬೇಸರ ಬೇಡ. ಬೆಂದು ಮೃದುವಾಗಿದ್ದರೆ ತಿನ್ನಲು ಚೆನ್ನಾಗಿಯೇ ಇರುತ್ತದೆ.

## 9. ಬಟ್ಟೆಯೊಳಗೆ ಹದಿನೈದು ನಿಮಿಷ

ಕಾವಲಿಯಿಂದ ತೆಗೆದ ಟೋರ್ಟಿಯಾವನ್ನು ಕೂಡಲೇ ಮಡಚಿ ನೋಡಬೇಡಿ, ಒಡೆಯುತ್ತದೆ. ಹತ್ತಿ ಬಟ್ಟೆ ಹಾಸಿದ ಬುಟ್ಟಿ ಅಥವಾ ಹಾಟ್‌ಬಾಕ್ಸ್‌ನಲ್ಲಿ ಒಂದರ ಮೇಲೊಂದು ಪೇರಿಸಿ, ಬಟ್ಟೆ ಸುತ್ತಿ ಮುಚ್ಚಿ. ತಮ್ಮದೇ ಹಬೆಯಲ್ಲಿ ಅವು ಮೆತ್ತಗಾಗುತ್ತವೆ. ಬಟ್ಟೆಯಿಲ್ಲದೆ ಹಾಟ್‌ಬಾಕ್ಸಿಗೆ ಹಾಕಿದರೆ ನೀರು ತೊಟ್ಟಿಕ್ಕಿ ಕೆಳಗಿನವು ಮುದ್ದೆಯಾಗುತ್ತವೆ.

## 10. ಜತೆಗೊಂದು ಸಾಲ್ಸಾ

ಟೋರ್ಟಿಯಾ ಬಟ್ಟೆಯೊಳಗಿರುವಾಗ ಇದು ಮುಗಿಯುತ್ತದೆ. ಅದೇ ಕಾವಲಿಯ ಮೇಲೆ ನಾಲ್ಕು ಟೊಮೆಟೊ, ಅರ್ಧ ಈರುಳ್ಳಿ, ಸಿಪ್ಪೆ ಸಮೇತ ಮೂರು ಎಸಳು ಬೆಳ್ಳುಳ್ಳಿ ಇಟ್ಟು ಅಲ್ಲಲ್ಲಿ ಕಪ್ಪಾಗುವ ತನಕ ಸುಡಿ. ಅಲ್ಲಿ ಗ್ವಾಹೀಯೋ ಎಂಬ ಒಣ ಮೆಣಸಿನಕಾಯಿ ಹಾಕುತ್ತಾರೆ. ಬಣ್ಣ ಜಾಸ್ತಿ, ಖಾರ ಹದ. ಆ ಜಾಗಕ್ಕೆ ಬ್ಯಾಡಗಿ ಹೊಂದುತ್ತದೆ. ನಾಲ್ಕು ಮೆಣಸಿನಕಾಯಿಯ ಬೀಜ ತೆಗೆದು ಪ್ರತಿ ಬದಿ ಕೆಲವೇ ಸೆಕೆಂಡು ಬಿಸಿ ಮಾಡಿ. ಘಮ ಬಂದ ಕೂಡಲೇ ತೆಗೆಯಿರಿ, ಕಪ್ಪಾದರೆ ಇಡೀ ಸಾಲ್ಸಾ ಕಹಿ. ಬಿಸಿನೀರಲ್ಲಿ 15 ನಿಮಿಷ ನೆನೆಸಿ.

ಒರಳಿನಲ್ಲಿ ಮೊದಲು ಸುಲಿದ ಬೆಳ್ಳುಳ್ಳಿ ಮತ್ತು ಉಪ್ಪು, ಆಮೇಲೆ ಮೆಣಸಿನಕಾಯಿ, ಈರುಳ್ಳಿ, ಕೊನೆಗೆ ಟೊಮೆಟೊ. ಈ ಕ್ರಮ ಬದಲಿಸಬೇಡಿ. ಟೊಮೆಟೊ ಮೊದಲು ಹಾಕಿದರೆ ಅದರ ನೀರಿನಲ್ಲಿ ಮೆಣಸಿನಕಾಯಿ ಜಾರಿ ಓಡುತ್ತದೆ, ಅರೆಯುವುದಿಲ್ಲ. ತರಿತರಿಯಾಗಿಯೇ ಇರಲಿ. ಮಿಕ್ಸಿಯಾದರೆ ಎರಡು ಸುತ್ತು ಸಾಕು. ಬೇಯಿಸಿ ಜಜ್ಜಿದ ರಾಜ್ಮಾದಂಥ ಕಾಳು, ಬೆಣ್ಣೆಹಣ್ಣಿನ ಹೋಳು, ಮೇಲೆ ಈ ಸಾಲ್ಸಾ ಇದ್ದರೆ ಊಟಕ್ಕೆ ಬೇರೇನೂ ಬೇಡ.

## ಉಳಿದರೆ

ಹಸಿ ಮಾಸಾ ಬೇಗ ಹುಳಿಯುತ್ತದೆ. ಫ್ರಿಜ್ಜಿನಲ್ಲಿ ಎರಡು ದಿನ ಇಡಬಹುದು. ಹುಳಿ ವಾಸನೆ ಬಂದರೆ, ಮೇಲೆ ಬಣ್ಣದ ಚುಕ್ಕೆ ಕಂಡರೆ ಚೆಲ್ಲಿ. ಒಂದೇ ದಿನ ಎಲ್ಲ ರುಬ್ಬುವ ಬದಲು, ತೊಳೆದ ಕಾಳನ್ನು ಫ್ರೀಜರಿನಲ್ಲಿಟ್ಟು ಬೇಕಾದಾಗ ರುಬ್ಬಿಕೊಳ್ಳುವುದು ಒಳ್ಳೆಯದು.

ಬೆಂದ ಟೋರ್ಟಿಯಾ ಮರುದಿನ ಗಟ್ಟಿಯಾಗುತ್ತದೆ. ನೀರು ಸವರಿ ಕಾವಲಿಯ ಮೇಲೆ ಬಿಸಿ ಮಾಡಿದರೆ ಮತ್ತೆ ಬಾಗುತ್ತದೆ. ತೀರಾ ಒಣಗಿದವನ್ನು ತ್ರಿಕೋನವಾಗಿ ಕತ್ತರಿಸಿ ಕರಿಯಿರಿ, ಅದಕ್ಕೆ ಅಲ್ಲಿ ತೊತೊಪೋ ಎನ್ನುತ್ತಾರೆ. ಹಾಗೆ ಕರಿದದ್ದನ್ನು ಬಿಸಿ ಸಾಲ್ಸಾದಲ್ಲಿ ಹೊರಳಿಸಿ, ಮೇಲೆ ಈರುಳ್ಳಿ ಉದುರಿಸಿದರೆ ಚಿಲಾಕಿಲೆಸ್. ಮೆಕ್ಸಿಕೋದ ಮನೆಗಳಲ್ಲಿ ಹಿಂದಿನ ದಿನದ ಟೋರ್ಟಿಯಾ ಬೆಳಗಿನ ತಿಂಡಿಯಾಗುವುದು ಹೀಗೆ. ಕರಿಯಲು ತಾಜಾ ಟೋರ್ಟಿಯಾ ತೆಗೆದುಕೊಳ್ಳಬೇಡಿ. ಅದರಲ್ಲಿ ತೇವ ಇರುವುದರಿಂದ ಎಣ್ಣೆ ಸಿಡಿಯುತ್ತದೆ, ಗರಿಗರಿಯೂ ಆಗುವುದಿಲ್ಲ.